ಬಲೂನಿಗೆ ಕಟ್ಟಿದ ಬುತ್ತಿ

ಕಳೆದ ವಾರ ನಮ್ಮ ಊಟದ ಮೇಜಿನ ಮೇಲೆ ಒಂದು ಥರ್ಮಾಕೋಲ್ ಡಬ್ಬಿ ಬಂದು ಕೂತಿತು. ಅದರ ಮೂಲೆಗಳು ಮುರಿದಿದ್ದವು, ಮೈಗೆಲ್ಲ ಪಾಚಿ ಹಿಡಿದಿತ್ತು, ಒಂದು ಬದಿಯನ್ನು ಇರುವೆಗಳು ತಮಗೆ ಬೇಕಾದ ಹಾಗೆ ಕೊರೆದುಕೊಂಡಿದ್ದವು. ಒಳಗೆ ತಂದಿಟ್ಟ ಕೂಡಲೇ ಮನೆಯೆಲ್ಲ ಕೊಳೆತ ಎಲೆಯ, ಒದ್ದೆ ಮಣ್ಣಿನ ವಾಸನೆ. ಅದರ ಹಿಂದೆಯೇ ತೀರ ಸಣ್ಣಗೆ ಏಲಕ್ಕಿಯ ವಾಸನೆ. ಮನೆಯವರು "ಏಲಕ್ಕಿ ಎಲ್ಲಿಂದ ಬರ್ತೈತಿ, ನಿನಗ ಹುಚ್ಚು" ಎಂದರು. ನನ್ನ ಮೂಗು ಅಡುಗೆಮನೆಯಲ್ಲಿ ಪಳಗಿದ್ದು. ಬೇರೆ ವಿಷಯದಲ್ಲಿ ನಾನು ಒಂದೆರಡು ಸುಳ್ಳು ಹೇಳಿದರೂ ಹೇಳಿಯೇನು, ಏಲಕ್ಕಿಯ ವಿಷಯದಲ್ಲಿ ಹೇಳುವವಳಲ್ಲ.

ಡಬ್ಬಿ ನನ್ನ ನೆಗೆಣ್ಣಿ ಅಶ್ವಿನಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಎರಡು ಮಳೆಗಾಲ ಅದು ಜಾಂಬೋಟಿ ಕಡೆಯ ಕಾಡಿನಲ್ಲಿ ಬಿದ್ದಿತ್ತಂತೆ. ಅಲ್ಲಿಯವರೊಬ್ಬರು ಅದನ್ನು ಕಂಡು, ಮುಚ್ಚಳದ ಮೇಲೆ ಬರೆದಿದ್ದ ಫೋನ್ ನಂಬರಿಗೆ ಕರೆ ಮಾಡಿ, ಪಾಪ, ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ವಿಷಯ ತಿಳಿಸಿ, ಖಾನಾಪುರದ ಬಸ್ ಸ್ಟ್ಯಾಂಡಿನವರೆಗೆ ತಂದುಕೊಟ್ಟರು. ಆ ನಂಬರು ನನ್ನದು. ಖಾನಾಪುರದ ಹೊಲದಲ್ಲಿ ಅಶ್ವಿನಿಯ ಫೋನಿಗೆ ರೇಂಜು ಸಿಗುವುದಿಲ್ಲ ಎಂದು ಅವತ್ತು ನನ್ನ ನಂಬರನ್ನು ಬರೆದಿದ್ದಳು. ಹೆಸರು ಅವಳದು, ನಂಬರು ಮಾತ್ರ ನನ್ನದು ಎಂದು ಅವತ್ತೇ ಒಳಗೊಳಗೆ ಗೊಣಗಿದ್ದೆ.

ಈ ಡಬ್ಬಿ ಆಕಾಶಕ್ಕೆ ಹೋಗಿ ಬಂದದ್ದು. ವಿಮಾನಗಳು ಓಡಾಡುವುದಕ್ಕಿಂತಲೂ ಮೇಲೆ ಹೋಗಿತ್ತೆಂದು ಅಶ್ವಿನಿ ಹೇಳುತ್ತಾಳೆ. ಅದು ಮೇಲೇರುವಾಗ ಹೊಲದಲ್ಲಿ ನಿಂತಿದ್ದ ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬಳ ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಆ ಒಬ್ಬಳು ಯಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಎರಡಂತಸ್ತಿನ ಮನೆ. ಕೆಳಗೆ ನಾನು, ನಮ್ಮ ಮನೆಯವರು, ನಮ್ಮ ಅತ್ತೆ. ಮೇಲೆ ಮೈದುನ ಮತ್ತು ಅಶ್ವಿನಿ. ಊಟ ಮಾತ್ರ ಎಲ್ಲರದೂ ಕೆಳಗೇ, ಅಂದರೆ ನನ್ನ ಕೈಯಲ್ಲೇ. ಅಣ್ಣತಮ್ಮಂದಿರಿಬ್ಬರಿಗೂ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ. ಅಷ್ಟು ಬೆಲ್ಲದ ನಡುವೆ ಇದ್ದೂ ನಮ್ಮ ಮನೆಯಲ್ಲಿ ಸಿಹಿ ಮಾತು ಯಾಕೆ ಅಷ್ಟು ತುಟ್ಟಿಯೋ ಗೊತ್ತಿಲ್ಲ. ಅತ್ತೆಯ ಬಾಯಿಂದಂತೂ ನನ್ನ ಪಾಲಿಗೆ ಅದು ಬರಲೇ ಇಲ್ಲ.

ಅತ್ತೆ ಕೆಟ್ಟವರಲ್ಲ. ನನ್ನನ್ನು ಉಪವಾಸ ಕೆಡವಲಿಲ್ಲ, ತವರಿನವರಿಗೆ ಅಂದಾಡಲಿಲ್ಲ. ಆದರೆ ಅವರ ಕಣ್ಣು ಬೆಳಗಿನಿಂದ ರಾತ್ರಿಯವರೆಗೆ ನನ್ನ ಕೈಯ ಮೇಲೆ ಇರುತ್ತಿತ್ತು. "ಉಪ್ಪು ಮುಂದಾತು." "ರೊಟ್ಟಿ ಅಂಚು ದಪ್ಪ ಆಗೈತಿ." "ಗ್ಯಾಸ ಸಣ್ಣ ಮಾಡ, ನಿಮ್ಮಪ್ಪ ಕಳಸ್ಯಾನೇನು?" ಅವರು ಏನೂ ಅನ್ನದೆ ಉಂಡೆದ್ದ ದಿನ ನನಗೆ ಹಬ್ಬ. ನನಗೆ ಬೇಕಾಗಿದ್ದದ್ದು ಬಂಗಾರವಲ್ಲ, ಸೀರೆಯಲ್ಲ. ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ ಬೇಡ, ನನ್ನೊಬ್ಬಳ ಎದುರಿಗಾದರೂ ಸರಿ, "ಛಲೋ ಮಾಡಿದಿ" ಎನ್ನಬೇಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ಆ ಮಾತಿಗೆ ಕಾದವಳು ನಾನು. ನಗಬೇಡಿ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೀಗೆಯೇ ಕಾಯುತ್ತಿರಬಹುದು.

ಆಮೇಲೆ ಅಶ್ವಿನಿ ಬಂದಳು. ಖಾನಾಪುರದ ಹುಡುಗಿ, ಇಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಸಂಜೆ ಅವಳ ಸ್ಕೂಟಿಯ ಸಪ್ಪಳ ಕೇಳಿದ ಕೂಡಲೇ ಅತ್ತೆಯ ದನಿಯೇ ಬದಲಾಗುತ್ತಿತ್ತು. "ಬಾರವ್ವಾ, ದಣದ ಬಂದಿ. ಕುಂದ್ರವ್ವಾ, ಚಹಾ ತರ್ತಾಳ ಆಕಿ." ಆ 'ಆಕಿ' ನಾನು. ಅಶ್ವಿನಿ ಪಾತ್ರೆ ಮುಟ್ಟಲು ಹೋದರೆ "ಇರಲಿ ಬಿಡವ್ವಾ, ನೀ ಯಾಕ ಕೈ ತೋಯಿಸ್ಕೋತಿ" ಎನ್ನುತ್ತಿದ್ದರು. ನನ್ನ ಕೈ ಹುಟ್ಟುವಾಗಲೇ ತೋಯ್ದಿತ್ತೆಂದು ಅವರ ಲೆಕ್ಕವಿರಬೇಕು. ಅವಳ ಹೆಸರಿನ ಹಿಂದೆ ಅಂಟಿಕೊಳ್ಳುತ್ತಿದ್ದ ಆ 'ವ್ವಾ' ನನಗೆ ಚುಚ್ಚಿದಷ್ಟು ಇನ್ಯಾವುದೂ ಚುಚ್ಚಿಲ್ಲ.

ಹೊಟ್ಟೆಕಿಚ್ಚಿನಲ್ಲಿ ನಾನು ಹೊಸಬಳೇನಲ್ಲ. ಎದುರು ಮನೆಯವರ ದಾಸವಾಳ ನಮ್ಮದಕ್ಕಿಂತ ದೊಡ್ಡದಾಗಿ ಅರಳಿತೆಂದು ಒಂದು ವಾರ ಆ ಕಡೆಯ ಕಿಟಕಿ ತೆರೆಯದೆ ಇದ್ದವಳು. ತಂಗಿಯ ಸೊಂಟ ಇನ್ನೂ ಸೊಂಟದ ಹಾಗೇ ಇದೆಯಲ್ಲ ಎಂದು ಅವಳ ಮಗಳ ಮದುವೆಯಲ್ಲಿ ಊಟ ರುಚಿಸದೆ ಎದ್ದವಳು. ಆದರೆ ಅವೆಲ್ಲ ಬಂದುಹೋಗುವ ನೆಗಡಿಯಂಥವು. ಅಶ್ವಿನಿಯ ಮೇಲಿನದು ಒಳಗೇ ಮನೆ ಮಾಡಿಕೊಂಡಿತ್ತು. ಅವಳು ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. "ಅಕ್ಕಾ, ಅಕ್ಕಾ" ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಅಂಥವಳ ಮೇಲೆ ಉರಿದುಕೊಳ್ಳುವುದಕ್ಕೆ ಬಹಳ ಶ್ರಮ ಬೇಕು, ನಾನು ಆ ಶ್ರಮಕ್ಕೆ ಹಿಂಜರಿಯಲಿಲ್ಲ.

ಅವಳಿಗೆ ಹವಾಮಾನದ ಹುಚ್ಚು. ಬೆಳಗಾವಿಯವರಿಗೆ ತಮ್ಮ ಊರಿನ ಹವೆಯ ಬಗ್ಗೆ ಹಮ್ಮು ಇರುವುದು ಸಹಜ, ಹುಬ್ಬಳ್ಳಿಯಿಂದ ಬಂದ ನೆಂಟರು ಬೆವರು ಒರೆಸಿಕೊಳ್ಳುತ್ತ "ನಿಮ್ಮ ಊರು ತಂಪ ನೋಡ್ರಿ" ಎಂದರೆ ನಾವೇ ಆ ತಂಪನ್ನು ಮಾಡಿಟ್ಟವರ ಹಾಗೆ ನಗುತ್ತೇವೆ. ಅಶ್ವಿನಿಯದು ಅಷ್ಟಕ್ಕೆ ನಿಲ್ಲಲಿಲ್ಲ. ಮಾಳಿಗೆಯ ಮೇಲೆ ಮಳೆ ಅಳೆಯುವ ಬಾಟಲಿ ಇಟ್ಟಳು, ನಾನು ಹಪ್ಪಳ ಒಣಹಾಕುವ ಜಾಗದಲ್ಲಿ ಗಾಳಿಯ ದಿಕ್ಕು ತೋರಿಸುವ ರೆಕ್ಕೆ ನೆಟ್ಟಳು. ಒಂದು ರಾತ್ರಿ ಊಟಕ್ಕೆ ಕೂತಾಗ, ಹವಾಮಾನದ ಬಲೂನು ಮಾಡಿ ಹಾರಿಸುತ್ತೇನೆ ಎಂದಳು.

ಮೈದುನ ನಕ್ಕ. "ಮಂದಿ ಹೆಂಡ್ರು ಸೈಟು ತಗೋಳೂಣು ಅಂತಾರ, ಇಕಿ ಬಲೂನು ಅಂತಾಳ."

ಅತ್ತೆ ನಗಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು: "ಎಷ್ಟ ಎತ್ತರ ಹೋಗತೈತವ್ವಾ ಅದು?"

"ಮೋಡದ ಮ್ಯಾಲ ಹೋಗತೈತ್ರಿ ಅತ್ತಿ."

"ಮೋಡದ ಮ್ಯಾಲ ಏನೈತಿ?"

"ಅದನ್ನ ನೋಡಾಕನ ಕಳಸೂದ್ರಿ. ಕ್ಯಾಮೆರಾ ಇಡ್ತೀನಿ."

ಅತ್ತೆ "ಮಾಡವ್ವಾ, ಮಾಡು. ನಾನೂ ನೋಡಿ ಹೋಗ್ತೀನಿ" ಎಂದರು. ಅವತ್ತಿನ ಬದನೆಕಾಯಿ ಎಣ್ಣೆಗಾಯಿ ನನ್ನ ಕೈಯಲ್ಲಿ ಎಂದೂ ಆಗದಷ್ಟು ಚೆನ್ನಾಗಿ ಆಗಿತ್ತು. ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಅಲ್ಲಿಂದ ಮನೆಯಲ್ಲಿ ಬಲೂನಿನದೇ ಮಾತು. ಬೆಳಗಾವಿಯ ಪಕ್ಕದಲ್ಲೇ ವಿಮಾನಗಳ ಹಾರಾಟವಿರುವುದರಿಂದ ಇಲ್ಲಿ ಹಾರಿಸುವಂತಿರಲಿಲ್ಲ. ಖಾನಾಪುರದಲ್ಲಿರುವ ತನ್ನ ಅಪ್ಪನ ಹೊಲದಿಂದ ಹಾರಿಸುವುದಕ್ಕೆ ಎಲ್ಲೆಲ್ಲೋ ಬರೆದು, ಕಾದು, ಮತ್ತೆ ಬರೆದು ಪರವಾನಗಿ ತೆಗೆದುಕೊಂಡಳು. ಬಲೂನು ಕೊರಿಯರಿನಲ್ಲಿ ಬಂತು. ಜಾತ್ರೆಯ ಬಲೂನಲ್ಲ, ಮಡಚಿಟ್ಟರೂ ದಿಂಬಿನಷ್ಟು ದೊಡ್ಡದು, ಮೈಗೆ ಪೌಡರು ಬಳಿದಿತ್ತು. ಬರಿಗೈಯಲ್ಲಿ ಮುಟ್ಟಿದರೆ ಕೈಯ ಜಿಡ್ಡು ತಾಗಿ ಹಾಳಾಗುತ್ತದೆ ಎಂದು ಅಶ್ವಿನಿ ಎಲ್ಲರಿಗೂ ಎಚ್ಚರಿಕೆ ಹೇಳಿದಳು. ಹೇಳುವಾಗ ನನ್ನ ಕೈಯನ್ನೇ ನೋಡಿದಳೆಂದು ನನಗೆ ಅನಿಸಿತು. ನೋಡಿರಲಿಕ್ಕಿಲ್ಲ.

ಅದರ ರೀತಿ ಹೀಗಂತೆ. ಹೀಲಿಯಂ ತುಂಬಿದ ಬಲೂನು ಮೇಲೇರುತ್ತ ಹೋಗುತ್ತದೆ. ಮೇಲೆ ಗಾಳಿ ತೆಳುವಾದಂತೆ ಬಲೂನು ಉಬ್ಬುತ್ತ ಉಬ್ಬುತ್ತ ಕೊನೆಗೆ ಒಡೆಯುತ್ತದೆ. ಆಗ ಪ್ಯಾರಾಚೂಟು ಬಿಚ್ಚಿಕೊಂಡು ಡಬ್ಬಿಯನ್ನು ಮೆಲ್ಲಗೆ ಕೆಳಗಿಳಿಸುತ್ತದೆ. ಡಬ್ಬಿಯೊಳಗಿನ ಸಿಮ್ಮು ತಾನು ಬಿದ್ದ ಜಾಗವನ್ನು ಮುಚ್ಚಳದ ಮೇಲಿನ ನಂಬರಿಗೇ, ಅಂದರೆ ನನ್ನ ಫೋನಿಗೆ, ಮೆಸೇಜು ಮಾಡಿ ತಿಳಿಸುತ್ತದೆ. ಚಳಿಗಾಲದಲ್ಲಿ ಕೆಳಗಿನ ಗಾಳಿ ಪಶ್ಚಿಮದ ಕಾಡಿನ ಕಡೆ ಬೀಸಿದರೆ ಮೇಲಿನ ಗಾಳಿ ಪೂರ್ವಕ್ಕೆ ಬೀಸುತ್ತದಂತೆ. ಎರಡಂತಸ್ತಿನ ಮನೆಯಲ್ಲಿ ಬಾಳುವೆ ಮಾಡುವ ನನಗೆ ಇದು ಮಾತ್ರ ಹೇಳಿದ ಕೂಡಲೇ ಅರ್ಥವಾಯಿತು. ಬಲೂನು ಕೆಳಗಿನ ಗಾಳಿಯನ್ನು ಬೇಗ ದಾಟಿ ಮೇಲಿನ ಗಾಳಿಯನ್ನು ಹಿಡಿದರೆ ಕಿತ್ತೂರಿನ ಕಡೆಯ ಬಯಲು ಹೊಲಗಳಲ್ಲಿ ಬೀಳಬೇಕು. ಬೇಗ ದಾಟಬೇಕಾದರೆ ಡಬ್ಬಿ ಹಗುರವಿರಬೇಕು.

ಅದಕ್ಕಾಗಿ ನನ್ನ ಅಡುಗೆಮನೆಯ ತಕ್ಕಡಿ ಮೇಲಿನ ಮನೆಗೆ ಹೋಯಿತು. ಕ್ಯಾಮೆರಾ, ಬ್ಯಾಟರಿ, ದಾರ, ಅಂಟುಪಟ್ಟಿಯ ತುಂಡನ್ನೂ ಬಿಡದೆ ಅಶ್ವಿನಿ ತೂಗಿದಳು. ನಮ್ಮ ಮನೆಯವರು ಆಸೆಯಿಂದ ಅಂಗಡಿಯ ಹೆಸರಿನ ಚೀಟಿ ಅಂಟಿಸಲು ಬಂದರೆ "ಬ್ಯಾಡ್ರಿ ಭಾವಾ, ಭಾರ ಆಗತೈತಿ" ಎಂದು ವಾಪಸು ಕಳಿಸಿದಳು. ಆಕಾಶದಲ್ಲಿ ಬೆಲ್ಲದ ಜಾಹೀರಾತು ಹಾಕುವ ಅವಕಾಶ ತಪ್ಪಿತೆಂದು ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ನಾನು ಅವರಿಗೆ ಬೇಕೆಂದೇ ಸಮಾಧಾನ ಹೇಳಲಿಲ್ಲ. ಮನೆಯಲ್ಲಿ ಅಶ್ವಿನಿಯ ಮೇಲೆ ಸಿಟ್ಟಾದ ಎರಡನೆಯ ಮನುಷ್ಯ ಸಿಕ್ಕಿದ್ದೇ ನನಗೆ ಸಮಾಧಾನವಾಗಿತ್ತು.

ಪ್ಯಾರಾಚೂಟು ಹೊಲಿದವಳು ನಾನು. "ಅಕ್ಕಾ, ನಿಮ್ಮಷ್ಟು ಸಣ್ಣ ಹೊಲಿಗಿ ಯಾರಿಗೂ ಬರೂದಿಲ್ಲ" ಎಂದು ಕೇಸರಿ ಬಣ್ಣದ ಬಟ್ಟೆ ತಂದು ನನ್ನ ಮಶಿನ್ನಿನ ಮೇಲೆ ಇಟ್ಟಳು. ಹೊಗಳಿಕೆಗೆ ಹಸಿದವಳು ನಾನು, ಬೇಡವೆನ್ನಲಿಲ್ಲ. ಜಾರುವ ಬಟ್ಟೆ, ಸೂಜಿಗೆ ಸಿಗದೆ ಓಡುತ್ತಿತ್ತು. ಹೊಲಿದು ಮುಗಿಸಿ ಪಡಸಾಲೆಯಲ್ಲಿ ಹರಡಿದೆ. ಅತ್ತೆ ಕನ್ನಡಕ ಏರಿಸಿಕೊಂಡು ಬಂದು ಅಂಚನ್ನು ಬೆರಳಲ್ಲಿ ಸವರುತ್ತ ಒಂದು ಸುತ್ತು ಬಂದರು.

"ಇಲ್ಲೆ ಸೊಟ್ಟ ಆಗೈತಿ ನೋಡ. ಬಿಚ್ಚಿ ಹಾಕ."

ಅಷ್ಟರಲ್ಲಿ ಅಶ್ವಿನಿ ಕಚೇರಿಯಿಂದ ಬಂದಳು. ಅತ್ತೆ ಅವಳ ಕಡೆ ತಿರುಗಿ, "ಎಷ್ಟ ಛಂದ ಛತ್ರಿ ಮಾಡೀದಿ ನಮ್ಮವ್ವಾ" ಎಂದರು. ಅವಳು "ನಾನಲ್ರೀ ಅತ್ತಿ, ಅಕ್ಕ" ಎಂದು ಹೇಳಿದಳು, ನಿಜ. ಅತ್ತೆಯ ಕಿವಿಗೆ ಬಿತ್ತೋ ಇಲ್ಲವೋ. ನಾನು ಆ ಸೊಟ್ಟ ಹೊಲಿಗೆಯನ್ನು ಬಿಚ್ಚುತ್ತ ಕೂತೆ. ಈ ಛತ್ರಿ ಬಿಚ್ಚಿಕೊಳ್ಳದಿದ್ದರೆ ಎಷ್ಟು ಚೆನ್ನಾಗಿರುತ್ತದೆ ಎಂಬ ವಿಚಾರವೂ ಒಮ್ಮೆ ಬಂತು. ಆದರೆ ಹೊಲಿಗೆ ನನ್ನದಲ್ಲವೇ, ಕೆಡಿಸಲು ಮನಸ್ಸು ಬರಲಿಲ್ಲ. ಮೊದಲಿಗಿಂತ ಗಟ್ಟಿಯಾಗಿ ಹೊಲಿದೆ.

ಹಾರಿಸುವ ದಿನ ಬೆಳಗಿನ ಜಾವ ನನಗೆ ಎಚ್ಚರವಾದದ್ದು ಹುರಿದ ಶೇಂಗಾದ ವಾಸನೆಗೆ. ಅಡುಗೆಮನೆಯಲ್ಲಿ ದೀಪ. ಹೋಗಿ ನೋಡಿದರೆ ಅತ್ತೆ ಒಲೆಯ ಮುಂದೆ ನಿಂತಿದ್ದಾರೆ. ಕೀಲುನೋವಿನಿಂದ ಬೆರಳು ಮಡಚಲಾಗದೆ ಎಷ್ಟೋ ವರ್ಷಗಳಿಂದ ಲಟ್ಟಣಿಗೆ ಮುಟ್ಟಿರಲಿಲ್ಲ. ಈಗ ಹುರಿದ ಶೇಂಗಾ ಕುಟ್ಟಿ, ಬೆಲ್ಲ ಏಲಕ್ಕಿ ಬೆರೆಸಿ, ಹೂರಣ ಕಟ್ಟಿ, ತೆಳ್ಳಗೆ ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದರು.

"ನನ್ನ ಎಬ್ಬಸಬಾರದಾಗಿತ್ತೇನ್ರೀ? ಯಾರಿಗೆ ಇದು?" ಎಂದೆ.

"ಬಲೂನಿಗೆ."

"ಬಲೂನಿಗೆ?"

"ಅಷ್ಟ ದೂರ ಹೊಂಟೈತಿ. ಮನಿಯಿಂದ ಬರಿಗೈಲೆ ಕಳಸ್ತಾರೇನು? ಒಂದ ಬುತ್ತಿ ಬ್ಯಾಡಾ?"

ನಮ್ಮ ಕಡೆ ಬುತ್ತಿಯಿಲ್ಲದೆ ಯಾರನ್ನೂ ಊರು ಬಿಡಿಸುವುದಿಲ್ಲ, ಅದು ನಿಮಗೂ ಗೊತ್ತು. ಸೋಲಾಪುರಕ್ಕೆ ಹೊರಟವರಿರಲಿ, ಆಸ್ಪತ್ರೆಗೆ ಹೊರಟವರಿರಲಿ, ಕೈಯಲ್ಲಿ ಒಂದು ಗಂಟು ಇದ್ದೇ ಇರುತ್ತದೆ. ಆದರೆ ಈ ಮನೆಯಿಂದ ನಾನು ತವರಿಗೆ ಹೊರಟಾಗೆಲ್ಲ ನನ್ನ ಬುತ್ತಿಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು "ಲಗೂನ ಬಾ, ಇಲ್ಲೆ ಕೆಲಸ ಕುಂತಾವ" ಎನ್ನುತ್ತಿದ್ದರು. ನನಗೆ ಕಟ್ಟದ ಬುತ್ತಿಯನ್ನು ಅವಳ ಬಲೂನಿಗೆ, ಆ ರಬ್ಬರಿನ ಚೀಲಕ್ಕೆ, ನೋಯುವ ಬೆರಳಿನಿಂದ ಕಟ್ಟುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಮೇಲೆ ಹೊರಗೆ ಬಂದು ಎಲ್ಲರಿಗೂ ಚಹಾ ಮಾಡಿದೆ.

ಬಾಡಿಗೆ ಜೀಪಿನಲ್ಲಿ ಖಾನಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಮಂಜು. ಮಲಪ್ರಭೆಯ ಸೇತುವೆ ದಾಟುವಾಗ ಹೊಳೆ ಕಾಣಲೇ ಇಲ್ಲ. ಅಶ್ವಿನಿಯ ಅಪ್ಪ ಹೊಲದ ಬದುವಿನ ಮೇಲೆ ನಿಂತು "ಯಾ ಯಾ, ಬರ್ರಿ ಬೀಗರ! ಥಂಡಿ ಭಾಳ ಐತ್ರಿ ಇವತ್ತ, ಚಹಾ ಕುಡದನ ಮುಂದಿನ ಮಾತು" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಸ್ವಾಗತ ಮಾಡಿದರು. ಭತ್ತ ಕೊಯ್ದ ಗದ್ದೆ, ಕೂಳೆಗಳ ಮೇಲೆ ಇಬ್ಬನಿ. ಅಲ್ಲಿ ತಾಡಪತ್ರಿ ಹಾಸಿ, ಕೈಗವಸು ತೊಟ್ಟು, ಅಶ್ವಿನಿ ಮತ್ತು ಮೈದುನ ಬಲೂನಿಗೆ ಗ್ಯಾಸು ತುಂಬತೊಡಗಿದರು.

ಮೊದಲು ಅದು ಮುದುಡಿದ ಬಟ್ಟೆಯ ಹಾಗೆ ನೆಲದ ಮೇಲೆ ಹೊರಳಾಡಿತು. ನೋಡನೋಡುತ್ತಿದ್ದಂತೆ ತಲೆಯೆತ್ತಿತು, ಆಳೆತ್ತರವಾಯಿತು, ಇನ್ನೂ ಬೆಳೆಯಿತು. ಮಂಜು ಹರಿದು ಬಿಸಿಲು ಬಿದ್ದಾಗ ಅದರ ಮೈಯೊಳಗೇ ಬೆಳಕು ತುಂಬಿಕೊಂಡಿತು. ಅದು ಚೆಂದವಿತ್ತು. ನನ್ನ ಕಷ್ಟವೂ ಅದೇ ಆಗಿತ್ತು. ಹೊಟ್ಟೆಕಿಚ್ಚು ಪಡುವುದಕ್ಕೆ ಯೋಗ್ಯವಾದ ವಸ್ತುವನ್ನು ಎದುರಿಗೆ ನೋಡುತ್ತ ನಿಲ್ಲುವುದು ಸುಲಭವಲ್ಲ.

ಡಬ್ಬಿ ಮುಚ್ಚುವ ಹೊತ್ತಿಗೆ ಅತ್ತೆ ಮುಂದೆ ಬಂದರು. ಕೈಯಲ್ಲಿ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. "ಇದನ್ನ ಒಳಗ ಇಡವ್ವಾ. ನಿನ್ನ ಬಲೂನಿಗೆ ಬುತ್ತಿ."

ಮೈದುನ ಬಾಯಿ ತೆರೆದ. ನಮ್ಮ ಮನೆಯವರು ತಮ್ಮ ಚೀಟಿಯನ್ನು ನೆನೆದು ಕೆಮ್ಮಿದರು. ಅಶ್ವಿನಿ ಗಂಟನ್ನು ತೆಗೆದುಕೊಂಡು ಅಂಗೈಯಲ್ಲೇ ಒಮ್ಮೆ ತೂಗಿ ನೋಡಿದಳು. ಅಂಟುಪಟ್ಟಿಯ ತುಂಡನ್ನು ತೂಗಿದವಳು, ಈ ಗಂಟು ಏನು ಮಾಡುತ್ತದೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಬೇಡವೆನ್ನುತ್ತಾಳೆ, ಅತ್ತೆಯ ಮುಖ ಸಣ್ಣದಾಗುತ್ತದೆ ಎಂದು ನಾನು ಕಾದೆ. ಅವಳು "ಹೂಂ ರೀ ಅತ್ತಿ" ಎಂದು ಗಂಟನ್ನು ಕ್ಯಾಮೆರಾದ ಪಕ್ಕ ಇಟ್ಟು ಮುಚ್ಚಳ ಅಂಟಿಸಿಬಿಟ್ಟಳು. ಆಮೇಲೆ ಸಿಲಿಂಡರಿನಲ್ಲಿ ಉಳಿದಿದ್ದ ಗ್ಯಾಸನ್ನೆಲ್ಲ ಬಲೂನಿಗೆ ಬಿಟ್ಟಳು. ಅದು ಬಹಳ ಇರಲಿಲ್ಲ.

ನಾನು ಅಲ್ಲಿ ನಿಲ್ಲಲಾಗದೆ ಜೀಪಿನ ಹತ್ತಿರ ಹೋಗಿ ಊಟದ ಡಬ್ಬಿಗಳನ್ನು ಇಳಿಸತೊಡಗಿದೆ. ಹೋ ಎಂದು ಎಲ್ಲರೂ ಕೂಗಿದಾಗ ತಿರುಗಿ ನೋಡಿದೆ. ಬಲೂನು ನೆಲ ಬಿಟ್ಟಿತ್ತು. ಅಶ್ವಿನಿ ತೋರಿಸಿದ್ದ ವಿಡಿಯೋಗಳಲ್ಲಿ ಬಲೂನು ಕೈಬಿಟ್ಟ ಕೂಡಲೇ ಬಾಣದ ಹಾಗೆ ಹೋಗುತ್ತಿತ್ತು. ಇದು ಹಾಗೆ ಹೋಗಲಿಲ್ಲ. ತುಂಬಿದ ಬಸುರಿ ಮೆಟ್ಟಿಲು ಹತ್ತುವ ಹಾಗೆ ಸಾವಕಾಶವಾಗಿ, ನಿಂತು ನಿಂತು ಏರಿತು. ಬಹಳ ಹೊತ್ತು ಕಾಣುತ್ತಲೇ ಇತ್ತು.

ಕಿತ್ತೂರಿನ ಹಾದಿ ಹಿಡಿದು ಜೀಪಿನಲ್ಲಿ ಹೋಗಿ, ಒಂದು ಬೇವಿನ ಗಿಡದ ಕೆಳಗೆ ಎಲ್ಲರೂ ನನ್ನ ಫೋನನ್ನು ನೋಡುತ್ತ ಕೂತೆವು. ನನ್ನ ಜೀವನದಲ್ಲಿ ಅಷ್ಟು ಜನ ನನ್ನ ಫೋನನ್ನು ನೋಡಿದ್ದು ಅದೊಂದೇ ಸಲ. ಮೆಸೇಜು ಬರಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಡಬ್ಬಿ ಕೆಳಗಿನ ಗಾಳಿಯಲ್ಲೇ ಬಹಳ ಹೊತ್ತು ಉಳಿದು ಕಾಡಿನ ಕಡೆ ಹೋಗಿರಬೇಕು, ಅಲ್ಲಿ ರೇಂಜು ಇರುವುದಿಲ್ಲ ಎಂದು ಅಶ್ವಿನಿ ಮೆಲ್ಲಗೆ ಗಂಡನಿಗೆ ಹೇಳಿದಳು. ಅತ್ತೆಗೆ ಕೇಳಿಸದ ಹಾಗೆ ಹೇಳಿದಳು, ನನಗೆ ಕೇಳಿಸಿತು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು: "ಯಾಕ ಸಿಗಲಿಲ್ಲವ್ವಾ?" ನನಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. "ಭಾರ ಆಗಿತ್ತಂತ್ರೀ ಅತ್ತಿ. ನಿಮ್ಮ ಹೋಳಿಗಿ..." ಎಂದು ಶುರು ಮಾಡಿದೆ. ಅಶ್ವಿನಿ ನನ್ನ ಮಾತಿನ ಮೇಲೆಯೇ ಮಾತು ಹಾಕಿದಳು: "ಇಲ್ರೀ ಅತ್ತಿ, ಗಾಳಿ ತಿರಗಿತು. ನನ್ನ ಲೆಕ್ಕನ ತಪ್ಪು." ಅತ್ತೆ ಅವಳ ತಲೆ ಸವರಿದರು. ಅವಳಿಗೆ ಇನ್ನೊಂದು ಸವರಿಕೆಯನ್ನು ಗಳಿಸಿಕೊಟ್ಟವಳು ನಾನೇ ಆದೆ.

ಆಮೇಲೆ ದಿನಾ ಸಂಜೆ ಸ್ಕೂಟಿಯ ಸಪ್ಪಳ ಕೇಳಿದರೆ ಅತ್ತೆಯ ಪ್ರಶ್ನೆ ಒಂದೇ. "ಬಂತೇನವ್ವಾ ನಿನ್ನ ಬಲೂನು?" ಅವಳು "ಬರ್ತೈತ್ರಿ ಅತ್ತಿ" ಎನ್ನುವಳು. ಮುಂದಿನ ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಮೈ ಒರೆಸಿದವಳು, ಗಂಜಿ ಕುಡಿಸಿದವಳು ನಾನು. "ನೀರ ಬಿಸಿ ಆಗಿಲ್ಲ", "ದಿಂಬು ಸರಿ ಮಾಡ", "ಎಲ್ಲೆ ಸತ್ತಿದ್ದಿ ಇಷ್ಟೊತ್ತು?" ಕೊನೆಯವರೆಗೂ ಅಷ್ಟೇ. ನಾನು ಕೊನೆಯ ದಿನವೂ ಅವರ ತುಟಿಯನ್ನೇ ನೋಡುತ್ತಿದ್ದೆ. ನನಗೆ ಬೇಕಾಗಿದ್ದ ಮಾತು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ತಾಯಿಗಾಗಿ ಅತ್ತರೆ, ನಾನು ಆ ಮಾತಿಗಾಗಿಯೂ ಅತ್ತೆ.

ಇಷ್ಟೆಲ್ಲ ನೆನಪು ಹೊತ್ತು ಕಳೆದ ವಾರ ಡಬ್ಬಿ ಬಂತು. ಸಂಜೆ ಅಶ್ವಿನಿ ಕಚೇರಿಯಿಂದ ಬಂದವಳೇ ಚಾಕುವಿನಿಂದ ಮುಚ್ಚಳ ಬಿಡಿಸಿದಳು. ಮನೆಯಲ್ಲಿ ನಾವಿಬ್ಬರೇ. ಇಳಕಲ್ ಸೀರೆಯ ತುಂಡು ಬಣ್ಣಗೆಟ್ಟಿತ್ತು, ಗಂಟು ಮಾತ್ರ ಬಿಚ್ಚಿರಲಿಲ್ಲ. ಒಳಗೆ ಹೋಳಿಗೆ ಇರಲಿಲ್ಲ, ಕಪ್ಪು ಮಣ್ಣಿನಂಥದ್ದು ಒಂದು ಹಿಡಿ ಇತ್ತು. ಕ್ಯಾಮೆರಾ ನೀರು ಹೋಗದ ಕವಚದೊಳಗೆ ಇದ್ದುದರಿಂದ ಅದರ ಕಾರ್ಡು ಕೆಟ್ಟಿರಲಿಲ್ಲ. ಅಶ್ವಿನಿ ಅದನ್ನು ಲ್ಯಾಪ್‌ಟಾಪಿಗೆ ಹಾಕಿದಳು. ಇಬ್ಬರೂ ಪಕ್ಕಪಕ್ಕ ಕೂತೆವು.

ಮೊದಲು ಅವಳದೇ ಕೈಗವಸು, ಪರದೆಯ ತುಂಬ. ಆಮೇಲೆ ತಾಡಪತ್ರಿ, ಗದ್ದೆಯ ಕೂಳೆ. ಕ್ಯಾಮೆರಾ ಡಬ್ಬಿಯ ತಳದಲ್ಲಿದ್ದುದರಿಂದ ಅದು ನೆಲವನ್ನೇ ನೋಡುತ್ತ ಮೇಲೇರಿತ್ತು. ಚಿತ್ರ ಅಲುಗಿತು, ನಿಂತಿತು, ಎಲ್ಲರೂ ಕಾಣಿಸಿದರು. ಅಶ್ವಿನಿ, ಮೈದುನ, ನಮ್ಮ ಮನೆಯವರು, ಟೋಪಿ ಹಿಡಿದುಕೊಂಡ ಅವಳ ಅಪ್ಪ, ಎಲ್ಲರ ಮುಖವೂ ಬಾಯಿ ತೆರೆದುಕೊಂಡು ನಮ್ಮ ಕಡೆ. ಭಾರವಾಗಿತ್ತಲ್ಲ, ಡಬ್ಬಿ ನಿಧಾನವಾಗಿ ಏರಿದ್ದರಿಂದ ಪ್ರತಿಯೊಬ್ಬರನ್ನೂ ಸಮಾಧಾನವಾಗಿ ನೋಡಬಹುದಾಗಿತ್ತು. ಅತ್ತೆಯೂ ಇದ್ದರು, ಜೀವಂತ, ಹೆಗಲ ಮೇಲೆ ಶಾಲು. ಅವರ ಮುಖ ಮಾತ್ರ ಕಾಣಲಿಲ್ಲ.

ಅತ್ತೆ ಬಲೂನನ್ನು ನೋಡುತ್ತಿರಲಿಲ್ಲ. ಎಲ್ಲರಿಗೂ ಬೆನ್ನು ಮಾಡಿ, ಒಂದು ಕೈ ಎತ್ತಿಕೊಂಡು, ಜೀಪಿನ ಕಡೆ ನಿಂತಿದ್ದರು. ಜೀಪಿನ ಹತ್ತಿರ ನಾನಿದ್ದೆ. ಗದ್ದೆ ಚಿಕ್ಕದಾಯಿತು, ಹೊಳೆ ಕಂಡಿತು, ಅವರು ಒಂದು ಬಿಳಿ ಚುಕ್ಕೆಯಾಗುವವರೆಗೂ ಈ ಕಡೆ ತಿರುಗಲೇ ಇಲ್ಲ. ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದ್ದ ಬಲೂನು ಹಾರುವುದನ್ನು ಅವರು ನೋಡಲಿಲ್ಲ.

ಅಶ್ವಿನಿ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೊಮ್ಮೆ ನೋಡಿದಳು. "ನೋಡ್ರಿ ಅಕ್ಕಾ," ಎಂದಳು. "ಆವಾಗೂ ಅವರು ನಿಮ್ಮ ಕಡೇನ ನೋಡಾಕತ್ತಿದ್ರು."

ಅವಳ ದನಿಯಲ್ಲಿದ್ದದ್ದನ್ನು ನಾನು ಕೂಡಲೇ ಗುರುತಿಸಿದೆ. ಇಷ್ಟು ವರ್ಷ ನನ್ನೊಳಗೆ ಸಾಕಿದ್ದನ್ನು ಗುರುತಿಸದೆ ಇರುತ್ತೇನೆಯೇ?

"ಆ ಬುತ್ತಿ ಭಾರ ಆಗತೈತಿ ಅಂತ ನನಗ ಗೊತ್ತಿತ್ರೀ," ಎಂದಳು. "ಬ್ಯಾಡ ಅನ್ನಾಕ ಆಗಲಿಲ್ಲ. ನನ್ನ ಸಲುವಾಗಿ ಅವರು ಮಾಡಿದ್ದು ಅದೊಂದ. ಅವರು ಒಂದ ಸಲ ತಲಿ ಎತ್ತಿ ನೋಡಿದ್ರ ಸಾಕಾಗಿತ್ತು ನನಗ. ಆವಾಗ ಏನ ಅಂದ್ರು ಅಕ್ಕಾ ನಿಮಗ?"

ಅವರು ಅಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಒಂದು ಗಳಿಗೆ ಅದನ್ನು ಹೇಳದೆ ಇಟ್ಟುಕೊಳ್ಳೋಣ ಎನಿಸಿತು. ನನ್ನನ್ನು ನೋಡಿ ಒಬ್ಬರು ಹೊಟ್ಟೆಕಿಚ್ಚು ಪಡುವುದು ನನ್ನ ಪಾಲಿಗೆ ಹೊಸದು. ಅದರ ರುಚಿ ಏನೂ ಕೆಟ್ಟದಿರಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಬಾಯಲ್ಲಿ ಇರಲಿ ಎನಿಸಿತು. ಆದರೆ ಅವಳ ಮುಖ ನೋಡಿ ಹೇಳಿಬಿಟ್ಟೆ.

"ಏನ ಅಂತಾರ? ಬೈದ್ರು. 'ಊಟದ ಡಬ್ಬಿ ತಗದ ಇಟ್ಟ ಆಕಾಶ ನೋಡ್ತಿಯಲ್ಲ, ನಾಯಿ ಬಂದಾವ, ಕಣ್ಣ ಎಲ್ಲೆ ಇಟ್ಟೀದಿ' ಅಂದ್ರು."

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬಣ್ಣಗೆಟ್ಟ ಆ ಸೀರೆಯ ತುಂಡನ್ನು ಮಡಚುತ್ತ, ಬಿಚ್ಚುತ್ತ ಕೂತಳು.

"ನನಗ ಒಂದ ಸಲನೂ ಬೈಲಿಲ್ರೀ ಅಕ್ಕಾ," ಎಂದಳು. "ಬಾರವ್ವಾ, ಕುಂದ್ರವ್ವಾ, ಚಹಾ ಕುಡಿಯವ್ವಾ. ಈ ಮನ್ಯಾಗ ಒಂದ ಪಾತ್ರಿ ಮುಟ್ಟಾಕ ಬಿಡಲಿಲ್ಲ. ಕಡೀತನ ಬೀಗರ ಹಂಗ ಕುಂದರ್ಸಿದ್ರು."

ನಾನು ಅವಳನ್ನು ನೋಡಿದೆ. ಕಚೇರಿಯ ಬ್ಯಾಗು ಇನ್ನೂ ಹೆಗಲಿನಲ್ಲೇ ಇತ್ತು. ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಪರರ ಮನೆಯಲ್ಲಿ ಕೂತವರ ಹಾಗೆ. ಇಷ್ಟು ವರ್ಷ ಅವಳು ಹಾಗೆಯೇ ಕೂರುತ್ತಿದ್ದಳು. ಅದು ಠೀವಿ ಎಂದು ನಾನು ತಿಳಿದುಕೊಂಡಿದ್ದೆ. ಅವಳ ಮೇಲಿನ ಉರಿ ಪೂರ್ತಿ ಆರಿತು ಎಂದು ಹೇಳಲಾರೆ. ನೋಯುವ ಬೆರಳಿನಿಂದ ಲಟ್ಟಿಸಿದ ಹೋಳಿಗೆ ಅವಳಿಗೇ ಸಿಕ್ಕಿತ್ತು, ನನಗಲ್ಲ. ಅವಳ ಕಣ್ಣಂಚಿನಲ್ಲಿ ನೀರು ನಿಂತಿತ್ತು, ಬೀಳುವುದೋ ಬೇಡವೋ ಎಂಬಂತೆ.

ನಾನು ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡೆ.

"ಏ, ಏನ ಕುಂತಿ ಹಂಗ?" ಎಂದೆ, ನನಗೆ ಎಷ್ಟು ಸಾಧ್ಯವೋ ಅಷ್ಟು ಗಟ್ಟಿ ದನಿಯಲ್ಲಿ. "ಬ್ಯಾಗ ತಗದ ಒಗಿ ಅತ್ತಾಗ. ಒಲಿ ಮ್ಯಾಲ ಹಾಲೈತಿ, ಉಕ್ಕಿ ಹೋದ್ರ ನಿಮ್ಮಪ್ಪ ಬಂದ ಒರಸ್ತಾನೇನು? ಎದ್ದ ಚಹಾಕ್ಕಿಡು."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಹೆಗಲಿನ ಬ್ಯಾಗನ್ನು ಅಲ್ಲೇ ನೆಲಕ್ಕೆ ಬಿಟ್ಟು ಅಡುಗೆಮನೆಗೆ ಓಡಿದಳು.